ಕಂಪ್ಯೂಟರ್‌ಗೆ ಸ್ಪೀಕರ್ ಸೆಟ್ ಹಾಕಿದೀನಿ, ಹಾಡು ಮಾತ್ರ ಕಂಬಳಿ ಹೊದ್ದು ಹಾಡಿದ ಹಾಗಿದೆ

ಸುಮ್ನೆ_ಕೇಳುಗ

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು.

ನನ್ನ ಸೆಟಪ್: ಡೆಸ್ಕ್‌ಟಾಪ್ ಕಂಪ್ಯೂಟರ್, ವಿಂಡೋಸ್. ಕ್ಯಾಬಿನೆಟ್ಟಿನ ಮುಂದುಗಡೆ ಇರೋ ಹೆಡ್‌ಫೋನ್ ತೂತಿನಿಂದ ಒಂದು ಕೇಬಲ್ ಸಣ್ಣ ಸ್ಟೀರಿಯೊ ಆಂಪ್ಲಿಫೈಯರ್‌ಗೆ ಹೋಗತ್ತೆ. ಅಲ್ಲಿಂದ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಆರೂವರೆ ಇಂಚಿನ ವೂಫರ್ (ಬೇಸ್ ನುಡಿಸೋ ಭಾಗ). ಹಾಡುಗಳೆಲ್ಲ ನನ್ನದೇ ಸಿಡಿಗಳಿಂದ ಫ್ಲ್ಯಾಕ್ (ಗುಣಮಟ್ಟ ಕಳೆಯದ ಫೈಲ್) ಮಾಡಿಕೊಂಡಿದ್ದು. ಹಾಗಾಗಿ ಫೈಲ್ ಕೆಟ್ಟದ್ದು ಅನ್ನೋ ಹಾಗಿಲ್ಲ.

ತೊಂದರೆ ಮೂರು. ಹಾಡು ನಿಂತಾಗ ಗುಂಯ್ ಅಂತ ಸಣ್ಣಗೆ ಹಮ್ ಬರತ್ತೆ, ಮೌಸ್ ಅಲ್ಲಾಡಿಸಿದ್ರೆ ಅದರ ಮೇಲೆ ಚಿರ್‌ಚಿರ್ ಅಂತ ಇನ್ನೊಂದು. ಎರಡನೇದು, ಬೇಸ್ ಒಟ್ಟಾರೆ ಇಲ್ಲವೇ ಇಲ್ಲ, ಆದರೆ ಯಾವುದೋ ಒಂದು ಸ್ವರ ಬಂದಾಗ ಮಾತ್ರ ಕೋಣೆಯೇ ಗುಮ್ ಅನ್ನತ್ತೆ. ಮೂರನೇದು ಹೇಳೋಕೆ ಕಷ್ಟ. ಹಾಡುಗಾರ್ತಿ ಎಲ್ಲಿ ನಿಂತಿದಾಳೆ ಅನ್ನೋದೇ ಗೊತ್ತಾಗಲ್ಲ. ಹೆಡ್‌ಫೋನಿನಲ್ಲಿ ಸರಿಯಾಗಿ ನಡುವೆ ಇರ್ತಾಳೆ, ಸ್ಪೀಕರ್‌ನಲ್ಲಿ ಕೋಣೆ ತುಂಬ ಹರಡಿಕೊಂಡು ಹೋಗಿದಾಳೆ.

ಒಂದು ಒಳ್ಳೆ ಡ್ಯಾಕ್ (ಡಿಜಿಟಲ್ ಹಾಡನ್ನ ಆಂಪ್‌ಗೆ ಬೇಕಾದ ಸಿಗ್ನಲ್ ಮಾಡೋ ಡಬ್ಬಿ) ತಗೊಂಡ್ರೆ ಇದೆಲ್ಲ ಸರಿಹೋಗತ್ತಾ? ಯಾವುದು ತಗೊಳ್ಳಲಿ?

ತಾಮ್ರದ_ತಂತಿ

ಗುರು, ಉತ್ತರ ನೀನೇ ಹೇಳಿದೀಯ. ಮದರ್‌ಬೋರ್ಡ್ ಸೌಂಡ್ ಅಂದ್ರೆ ಅಷ್ಟೇ. ಮೊದಲು ಯುಎಸ್‌ಬಿ ಡ್ಯಾಕ್ ತಗೋ, ಜೊತೆಗೆ ಒಂದು ಒಳ್ಳೆ ಯುಎಸ್‌ಬಿ ಕೇಬಲ್. ವಿಂಡೋಸ್ ಮಿಕ್ಸರ್ ಕೈಗೆ ಸಿಗದ ಹಾಗೆ ಪ್ಲೇಯರ್‌ನಲ್ಲಿ ವಸಾಪಿ ಎಕ್ಸ್‌ಕ್ಲೂಸಿವ್ ಅನ್ನೋ ಮೋಡ್ ಹಾಕು. ಆಮೇಲೆ 192 ಕಿಲೋಹರ್ಟ್ಸ್ ಫೈಲ್ (ಸೆಕೆಂಡಿಗೆ 1,92,000 ಸಲ ಸದ್ದಿನ ಮಾದರಿ ತಗೊಂಡಿರೋದು) ಕೇಳಿ ನೋಡು, ಪರದೆ ಸರಿದ ಹಾಗಾಗತ್ತೆ. ನಂಗೆ ಹಾಗೇ ಆಯ್ತು.

ಅಳತೆಗೋಲು

ಖರೀದಿ ಆಮೇಲೆ. ಮೂರು ತೊಂದರೆ ಹೇಳಿದೀರಿ, ಮೂರಕ್ಕೂ ಕಾರಣ ಒಂದೇ ಇರಬೇಕಂತಿಲ್ಲ. ಹಮ್ ವಿದ್ಯುತ್ತಿಗೆ ಸಂಬಂಧಿಸಿದ್ದು. ಗುಮ್ ಅನ್ನೋದು ಹೆಚ್ಚುಕಮ್ಮಿ ಖಂಡಿತ ಕೋಣೆಯದು. ಮೂರನೇದರ ಬಗ್ಗೆ ನಂಗೊಂದು ಗುಮಾನಿ ಇದೆ, ಈಗಲೇ ಹೇಳಲ್ಲ. ಡ್ಯಾಕ್ ಬದಲಿಸಿದ್ರೆ ಎರಡನೇದು ಮತ್ತು ಮೂರನೇದು ಕೂದಲೆಳೆಯಷ್ಟೂ ಬದಲಾಗಲ್ಲ.

ಇಷ್ಟಕ್ಕೆ ಉತ್ತರ ಕೊಡಿ: ಕೋಣೆ ಎಷ್ಟುದ್ದ ಎಷ್ಟಗಲ? ಮೇಜು ಎಲ್ಲಿದೆ? ಸ್ಪೀಕರ್ ಮುಖದಿಂದ ಹಿಂದಿನ ಗೋಡೆಗೆ ಎಷ್ಟು ದೂರ? ನಿಮ್ಮ ಬೆನ್ನಿನ ಹಿಂದೆ ಎಷ್ಟು ಜಾಗ? ವಿಂಡೋಸ್ ವಾಲ್ಯೂಮ್ ಎಷ್ಟಿಟ್ಟಿದೀರಿ, ಆಂಪ್ ಗುಬ್ಬಿ ಎಷ್ಟು ತಿರುಗಿದೆ?

ಸುಮ್ನೆ_ಕೇಳುಗ

ಟೇಪ್ ಹಿಡಿದು ಅಳೆದೆ ಮೇಡಂ. ಉದ್ದ 3.6 ಮೀಟರ್, ಅಗಲ 3 ಮೀಟರ್. ಮೇಜು ಮೂಲೆಯಲ್ಲಿದೆ. ಎಡ ಸ್ಪೀಕರ್ ಮೂಲೆಗೆ ಒತ್ತಿಕೊಂಡಿದೆ, ಬಲದ್ದರ ಪಕ್ಕ ಬಾಗಿಲು, ಯಾವಾಗಲೂ ತೆರೆದಿರತ್ತೆ. ಸ್ಪೀಕರ್ ಮುಖದಿಂದ ಗೋಡೆಗೆ 40 ಸೆಂಟಿಮೀಟರ್. ಎರಡೂ ಮೇಜಿನ ಮೇಲೆ ಚಪ್ಪಟೆಯಾಗಿ ಕೂತಿವೆ, ಟ್ವೀಟರ್ (ಮೇಲಿನ ಸ್ವರ ನುಡಿಸೋ ಸಣ್ಣ ಭಾಗ) ನನ್ನ ಎದೆ ಮಟ್ಟಕ್ಕೆ ಬರತ್ತೆ. ವಿಂಡೋಸ್ ವಾಲ್ಯೂಮ್ 25, ಆಂಪ್ ಮುಕ್ಕಾಲು ಭಾಗ.

ಇನ್ನೊಂದು ವಿಷಯ, ಸೌಂಡ್ ಸೆಟ್ಟಿಂಗ್‌ನಲ್ಲಿ 192 ಕಿಲೋಹರ್ಟ್ಸ್ ಇಟ್ಟಿದೀನಿ. ಜಾಸ್ತಿ ಇದ್ರೆ ಒಳ್ಳೇದಲ್ವಾ?

ಹಳೆ_ವಾಲ್ವ್

ಆಹಾ, ಎಲ್ಲಾ ಒಟ್ಟಿಗೆ ಕೂಡಿಬಂದಿದೆ ತಮ್ಮಾ.

ಶುರು ವಾಲ್ಯೂಮಿನಿಂದ. ನೀನು ಕಂಪ್ಯೂಟರಿನಲ್ಲಿ ನಲ್ಲಿ ಸಣ್ಣ ಮಾಡಿ ಆಂಪಿನಲ್ಲಿ ದೊಡ್ಡದು ಮಾಡಿದೀಯ. ಹಾಡು ಸಣ್ಣದಾಗಿ ಹೊರಡತ್ತೆ, ದಾರಿಯಲ್ಲಿ ಸೇರೋ ಗಲಾಟೆ ಮಾತ್ರ ಸಣ್ಣದಾಗಲ್ಲ. ಆಂಪ್ ಎರಡನ್ನೂ ಒಟ್ಟಿಗೆ ಎತ್ತತ್ತೆ. ಉಲ್ಟಾ ಮಾಡು. ವಿಂಡೋಸ್ 100, ಪ್ಲೇಯರ್ 100, ಆಂಪ್ ಗುಬ್ಬಿ ಸೊನ್ನೆಯಿಂದ ಮೆಲ್ಲಗೆ ಮೇಲೆ ತಾ. ಮೊದಲು ಆಂಪ್ ಇಳಿಸು, ಆಮೇಲೆ ವಿಂಡೋಸ್ ಏರಿಸು. ಈ ಕ್ರಮ ತಪ್ಪಿದ್ರೆ ಟ್ವೀಟರ್ ಶ್ರಾದ್ಧ.

ಎರಡನೇದು, ಆ ಮುಂದಿನ ತೂತು. ಅಲ್ಲಿಂದ ಒಂದು ತೆಳ್ಳನೆ ವೈರು ಕ್ಯಾಬಿನೆಟ್ ಒಳಗೆ ಗ್ರಾಫಿಕ್ಸ್ ಕಾರ್ಡು, ಫ್ಯಾನು ಎಲ್ಲದರ ಪಕ್ಕ ಹಾದು ಮದರ್‌ಬೋರ್ಡಿನ ಬುಡಕ್ಕೆ ಹೋಗತ್ತೆ. ಒಳಗಿನ ಕಚಪಿಚಿಯನ್ನೆಲ್ಲ ಹೊತ್ತುಕೊಂಡೇ ಬರತ್ತೆ. ನಿನ್ನ ಮೌಸಿನ ಚಿರ್‌ಚಿರ್ ಅದೇ. ಹಿಂದುಗಡೆಯ ಹಸಿರು ತೂತಿಗೆ ಹಾಕು. ಎರಡಕ್ಕೂ ಐದು ನಿಮಿಷ, ಖರ್ಚು ಸೊನ್ನೆ.

192 ಬಗ್ಗೆ: ನಿನ್ನ ಸಿಡಿ ಎಲ್ಲಾ 44.1 ಕಿಲೋಹರ್ಟ್ಸ್, 16 ಬಿಟ್. 1982ರಲ್ಲಿ ಸಿಡಿ ಬಂದಾಗಿನಿಂದ ಅದೇ ಲೆಕ್ಕ. 44.1ರಲ್ಲಿ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಸತ್ತೆ, ಮನುಷ್ಯನ ಕಿವಿ ಎಳೆ ವಯಸ್ಸಿನಲ್ಲೇ 20ರ ಹತ್ತಿರ ನಿಲ್ಲತ್ತೆ. ನಂಗಂತೂ ಈಗ 11 ದಾಟಿದ್ದು ಕೇಳಿಸಲ್ಲ, ಆದ್ರೂ ತಂಬೂರಿ ಶ್ರುತಿ ತಪ್ಪಿದ್ರೆ ಎದ್ದು ಕೂರ್ತೀನಿ. ಸೆಟ್ಟಿಂಗ್‌ನಲ್ಲಿ 24 ಬಿಟ್ 44.1 ಇಟ್ಟುಬಿಡು, ವಿಂಡೋಸ್ ಸುಮ್ನೆ ಲೆಕ್ಕ ಬದಲಾಯಿಸ್ತಾ ಕೂರೋದು ತಪ್ಪತ್ತೆ. ವ್ಯತ್ಯಾಸ ಕೇಳಿಸತ್ತೆ ಅಂತ ನಾನು ಹೇಳಲ್ಲ.

ತಾಮ್ರದ_ತಂತಿ

ಸರ್, ಗೌರವ ಇಟ್ಕೊಂಡೇ ಹೇಳ್ತೀನಿ, 192 ಮತ್ತು 44.1 ವ್ಯತ್ಯಾಸ ನಂಗೆ ಸ್ಪಷ್ಟ ಕೇಳಿಸತ್ತೆ. ವಿಂಡೋಸ್ ವಾಲ್ಯೂಮ್ ಇಳಿಸಿದ್ರೆ ಬಿಟ್‌ಗಳು ಉದುರಿಹೋಗತ್ತೆ ಅನ್ನೋದನ್ನ ಯಾಕೆ ಹೇಳಲಿಲ್ಲ?

ರಾತ್ರಿಪಾಳಿ

ಉದುರತ್ತೆ, ಆದ್ರೆ ಎಷ್ಟು ಅನ್ನೋದು ಮುಖ್ಯ. ಪ್ರತಿ 6 ಡೆಸಿಬಲ್ ಇಳಿಸಿದ್ರೆ ಒಂದು ಬಿಟ್. ಔಟ್‌ಪುಟ್ 24 ಬಿಟ್ ಇದ್ದು ಹಾಡು 16 ಬಿಟ್ ಇದ್ರೆ ಕೆಳಗೆ 8 ಬಿಟ್ ಖಾಲಿ ಇರತ್ತೆ, ಅಂದ್ರೆ 48 ಡೆಸಿಬಲ್ ಇಳಿಸೋ ತನಕ ಹಾಡಿನ ಒಂದು ಬಿಟ್ಟೂ ಕಳೆಯಲ್ಲ. ಇವರ ತೊಂದರೆ ಬಿಟ್ಟಿನದಲ್ಲ, ವಾಲ್ವ್ ಸರ್ ಹೇಳಿದ ಹಾಗೆ ಆಂಪ್ ಗಲಾಟೆಯನ್ನ ಎತ್ತಿ ತೋರಿಸ್ತಿರೋದು.

ನಾನು ಲಿನಕ್ಸ್‌ನವನು, ಅಲ್ಲಿ ಸದ್ದು ನಿಭಾಯಿಸೋ ಪೈಪ್‌ವೈರ್ ತಾನಾಗಿ ಎಲ್ಲವನ್ನೂ 48 ಕಿಲೋಹರ್ಟ್ಸ್‌ಗೆ ತರತ್ತೆ. ಕಾನ್ಫಿಗ್‌ನಲ್ಲಿ ಅಲೌಡ್ ರೇಟ್ಸ್ ಅಂತ ಒಂದು ಸಾಲಿದೆ, ಅದಕ್ಕೆ 44100 ಸೇರಿಸಿದ್ರೆ ಹಾಡಿಗೆ ತಕ್ಕ ಹಾಗೆ ಬದಲಾಗತ್ತೆ. ಮಾಡಿದೀನಿ. ಏನಾದ್ರೂ ಕೇಳಿಸ್ತಾ ಅಂದ್ರೆ ಇಲ್ಲ, ಮನಸ್ಸಿಗೆ ನೆಮ್ಮದಿ ಅಷ್ಟೇ.

ಸುಮ್ನೆ_ಕೇಳುಗ

ಮಾಡಿದೆ! ಮೌಸಿನ ಚಿರ್‌ಚಿರ್ ಪೂರ್ತಿ ಹೋಯ್ತು. ಹಿಂದೆ ಕೇಬಲ್ ಹಾಕೋಕೆ ಕ್ಯಾಬಿನೆಟ್ ಎಳೆದಾಗ ಇನ್ನೊಂದು ಕಣ್ಣಿಗೆ ಬಿತ್ತು. ಸೌಂಡ್ ಡ್ರೈವರ್ ಜೊತೆ ಬಂದಿದ್ದ ಒಂದು ತಂತ್ರಾಂಶ ಕೆಳಗೆ ಮೂಲೆಯಲ್ಲಿ ಕೂತಿತ್ತು, ಅದರಲ್ಲಿ ‘ಸಭಾಂಗಣ’ ಅಂತ ಒಂದು ಎಫೆಕ್ಟ್ ಆನ್ ಆಗಿತ್ತು. ನಾನು ಹಾಕಿದ ನೆನಪಿಲ್ಲ. ತೆಗೆದೆ. ಕಂಬಳಿ ಅರ್ಧ ಸರಿದ ಹಾಗಾಯ್ತು.

ಆದ್ರೆ ಗುಂಯ್ ಹಾಗೇ ಇದೆ. ಕಮ್ಮಿಯಾಗಿದೆ, ಹೋಗಿಲ್ಲ.

ರಾತ್ರಿಪಾಳಿ

ಆಂಪ್ ಹತ್ತಿರ ಹೋಗಿ ಕಂಪ್ಯೂಟರಿನಿಂದ ಬರೋ ಕೇಬಲ್ ಕಿತ್ತುಬಿಡಿ. ಕೀಳೋ ಮುಂಚೆ ವಾಲ್ಯೂಮ್ ಸೊನ್ನೆ, ಕಿತ್ತಮೇಲೆ ಮತ್ತೆ ಏರಿಸಿ. ಗುಂಯ್ ನಿಂತ್ರೆ ಅದು ಗ್ರೌಂಡ್ ಲೂಪ್. ನಿಲ್ಲದಿದ್ರೆ ಆಂಪಿನದೇ ಕಾಯಿಲೆ.

ಸುಮ್ನೆ_ಕೇಳುಗ

ನಿಂತಿತು. ಪೂರ್ತಿ ಮೌನ.

ಹೊಸಬ_42

ನಂಗೂ ಇದೇ ಇತ್ತು. ಆಂಪ್ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಿಬಿಡಿ, ಹೋಗತ್ತೆ. ಒಂದೇ ನಿಮಿಷದ ಕೆಲಸ.

ಹಳೆ_ವಾಲ್ವ್

ಹೋಗತ್ತೆ, ನಿಜ. ಒಂದು ದಿನ ಆಂಪ್ ಒಳಗೆ ವೈರ್ ಸುಲಿದು ಡಬ್ಬಕ್ಕೆ ತಾಗಿದ್ರೆ ನೀನೂ ಹೋಗ್ತೀಯ. ಆ ಪಿನ್ ಇರೋದು ಸಂಗೀತಕ್ಕಲ್ಲ, ಜೀವಕ್ಕೆ. ಈ ಸಲಹೆ ಇನ್ನೊಂದು ಸಲ ಇಲ್ಲಿ ಬರೆದ್ರೆ ಚೆನ್ನಾಗಿರಲ್ಲ ನೋಡು. ಇವತ್ತೇ ಹೋಗಿ ನಿನ್ನ ಪ್ಲಗ್ ಬದಲಾಯಿಸು.

ಕೇಳುಗ, ನಿನ್ನ ಕಂಪ್ಯೂಟರಿಗೂ ಅರ್ಥ್ ಇದೆ, ಆಂಪಿಗೂ ಇದೆ. ಎರಡೂ ಗೋಡೆಯ ಒಳಗೆ ಒಂದು ದಾರಿಯಲ್ಲಿ ಸೇರಿವೆ, ನಿನ್ನ ಕೇಬಲ್ಲಿನ ಹೊರಕವಚದಲ್ಲಿ ಇನ್ನೊಂದು ದಾರಿಯಲ್ಲಿ ಸೇರಿವೆ. ಬಳೆಯ ಹಾಗೆ ಸುತ್ತು ಪೂರ್ತಿಯಾಯ್ತು, ಗ್ರೌಂಡ್ ಲೂಪ್ ಅಂದ್ರೆ ಇದೇ. ಅದರಲ್ಲಿ ಸಣ್ಣ ಕರೆಂಟ್ ಓಡಾಡತ್ತೆ, ಮನೆ ವಿದ್ಯುತ್ತಿನ 50 ಹರ್ಟ್ಸ್, ಅದರ ದುಪ್ಪಟ್ಟು 100, ಹೀಗೆ ಎಲ್ಲಾ ಹಾಡಿನ ಜೊತೆ ಆಂಪ್ ಒಳಗೆ ಹೋಗತ್ತೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕು. ಸುತ್ತು ಚಿಕ್ಕದಾದ್ರೆ ಗುಂಯ್ಯೂ ಚಿಕ್ಕದಾಗತ್ತೆ.

ಸುಮ್ನೆ_ಕೇಳುಗ

ಒಂದೇ ಬೋರ್ಡ್ ಆಯ್ತು. ಹಗಲು ಕೇಳಿಸಲ್ಲ. ರಾತ್ರಿ ಎಲ್ಲಾ ಮಲಗಿದ ಮೇಲೆ ಕಿವಿಗೊಟ್ಟರೆ ಇನ್ನೂ ಇದೆ.

ತಾಮ್ರದ_ತಂತಿ

ಅದಕ್ಕೇ ಮೊದಲ ದಿನವೇ ಡ್ಯಾಕ್ ಅಂದೆ.

ರಾತ್ರಿಪಾಳಿ

ಯುಎಸ್‌ಬಿ ಡ್ಯಾಕ್ ಹಾಕಿದ್ರೂ ಲೂಪ್ ಹೋಗಲ್ಲ ಅಣ್ಣ. ಯುಎಸ್‌ಬಿ ಕೇಬಲ್ ಒಳಗೂ ಗ್ರೌಂಡ್ ತಂತಿ ಇದೆಯಲ್ಲ, ಅದೇ ಸುತ್ತು ಬೇರೆ ದಾರಿಯಲ್ಲಿ ಬರತ್ತೆ. ಎಷ್ಟೋ ಜನ ಡ್ಯಾಕ್ ತಂದು ಹಮ್ ಹೋಗದೆ ತಲೆ ಚಚ್ಚಿಕೊಳ್ಳೋದು ಇದಕ್ಕೇ.

ಕೇಳುಗ, ಮದರ್‌ಬೋರ್ಡ್ ಹಿಂದೆ ಚೌಕದ ಸಣ್ಣ ತೂತು, ಒಳಗೆ ಕೆಂಪು ಬೆಳಕು ಕಾಣೋದು ಇದೆಯಾ? ಅದು ಆಪ್ಟಿಕಲ್. ಅದರಲ್ಲಿ ಹೋಗೋದು ಬೆಳಕು, ಕರೆಂಟ್ ಅಲ್ಲ. ತಾಮ್ರವೇ ಇಲ್ಲದ ಮೇಲೆ ಲೂಪ್ ಎಲ್ಲಿಂದ ಬರತ್ತೆ. ಆಪ್ಟಿಕಲ್ ಇನ್‌ಪುಟ್ ಇರೋ ಸಾದಾ ಡ್ಯಾಕ್ ಒಂದನ್ನ ತಗೊಂಡು, ಅದಕ್ಕೆ ಕರೆಂಟನ್ನ ಕಂಪ್ಯೂಟರಿನಿಂದ ಕೊಡದೆ ಬೇರೆ ಎರಡು ಪಿನ್ನಿನ ಚಾರ್ಜರಿನಿಂದ ಕೊಡಿ. ಆ ತೂತು ಇಲ್ಲದಿದ್ರೆ ಕೇಬಲ್ ನಡುವೆ ಹಾಕೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸಿಗತ್ತೆ, ಅದೂ ನಡೆಯತ್ತೆ. ತೀರಾ ಅಗ್ಗದ್ದಾದ್ರೆ ಬೇಸ್ ಸ್ವಲ್ಪ ತಿನ್ನತ್ತೆ.

ಸುಮ್ನೆ_ಕೇಳುಗ

ಕೆಂಪು ಬೆಳಕು ಇದೆ! ನಾನು ಅದನ್ನ ಇಷ್ಟು ವರ್ಷ ಏನೋ ಇಂಡಿಕೇಟರ್ ಅಂದ್ಕೊಂಡಿದ್ದೆ.

ಅಳತೆಗೋಲು

ಒಳ್ಳೇದು. ಅದು ಬರೋ ತನಕ ಕೈ ಕಟ್ಟಿ ಕೂರಬೇಡಿ, ಮೇಜು ಎತ್ತಿ.

ನಿಮ್ಮ ಕೋಣೆಯ ಲೆಕ್ಕ ನೋಡಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡತ್ತೆ. ಎರಡು ಎದುರು ಗೋಡೆಗಳ ನಡುವಿನ ದೂರದ ದುಪ್ಪಟ್ಟಿನಿಂದ ಇದನ್ನ ಭಾಗಿಸಿದ್ರೆ ಆ ದಿಕ್ಕಿನಲ್ಲಿ ಮೊದಲು ಗುಮ್ಮೆನ್ನೋ ಕಂಪನ ಸಿಗತ್ತೆ. 3.6 ಮೀಟರ್‌ಗೆ 48 ಹರ್ಟ್ಸ್, 3 ಮೀಟರ್‌ಗೆ 57. ಆ ಎರಡು ಸ್ವರಗಳಿಗೆ ನಿಮ್ಮ ಕೋಣೆ ಒಂದು ವಾದ್ಯ. ಮೂಲೆಯಲ್ಲಿ ಕೂತ ಸ್ಪೀಕರ್ ಆ ವಾದ್ಯವನ್ನ ಅತಿ ಹೆಚ್ಚು ಬಾರಿಸತ್ತೆ, ಯಾಕಂದ್ರೆ ಎಲ್ಲಾ ಅಲೆಗಳ ಒತ್ತಡ ಮೂಲೆಯಲ್ಲೇ ಗರಿಷ್ಠ.

ಮೇಜನ್ನ 3 ಮೀಟರಿನ ಚಿಕ್ಕ ಗೋಡೆಗೆ ತನ್ನಿ, ಸರಿಯಾಗಿ ನಡುವೆ. ಎಡಬಲ ಗೋಡೆಗಳು ಎರಡು ಸ್ಪೀಕರ್‌ಗೂ ಸಮ ದೂರ ಇರಲಿ. ನಿಮ್ಮ ತಲೆ ಮುಂದಿನ ಗೋಡೆಯಿಂದ 1.3, 1.4 ಮೀಟರ್ ಆಸುಪಾಸು. ಬೆನ್ನು ಹಿಂದಿನ ಗೋಡೆಗೆ ತಾಗಿದ್ರೆ ಬೇಸ್ ಉಬ್ಬತ್ತೆ, ಕೋಣೆಯ ನಟ್ಟನಡುವೆ ಕೂತ್ರೆ 48 ಮಾಯ. ಎರಡೂ ಬೇಡ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನ ಆಗಲಿ, ದಾರ ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ. ಟ್ವೀಟರ್ ಕಿವಿ ಎತ್ತರಕ್ಕೆ ಬರಬೇಕು. ಸ್ಟ್ಯಾಂಡ್ ಇಲ್ಲದಿದ್ರೆ ಸ್ಪೀಕರ್ ಕೆಳಗೆ ದಪ್ಪ ಪುಸ್ತಕ ಇಟ್ಟು ಎತ್ತರಿಸಿ. ಈಗ ಮೇಜಿನ ಹಲಗೆಗೆ ಬಡಿದು ಬರೋ ಸದ್ದು ನೇರ ಸದ್ದಿನ ಹಿಂದೆಯೇ ಕಿವಿಗೆ ಬೀಳ್ತಿದೆ, ಕೆಲವು ಸ್ವರ ಕೂಡಿಕೊಂಡು ಕೆಲವು ಕಳೆದುಕೊಂಡು ಬಾಚಣಿಗೆ ಹಲ್ಲಿನ ಹಾಗಾಗತ್ತೆ.

ಗೋಡೆಯಿಂದ 40 ಸೆಂಟಿಮೀಟರ್ ಇದ್ದಿದ್ದಕ್ಕೂ ಒಂದು ಬೆಲೆ ಇದೆ. ಹಿಂದಕ್ಕೆ ಹೋದ ಸದ್ದು ಗೋಡೆಗೆ ಬಡಿದು 80 ಸೆಂಟಿಮೀಟರ್ ತಡವಾಗಿ ಬರತ್ತೆ. ಯಾವ ಅಲೆಗೆ ಅದು ಸರಿಯಾಗಿ ಅರ್ಧ ಅಲೆಯೋ ಅದು ಅಳಿಸಿಹೋಗತ್ತೆ, ಇಲ್ಲಿ 214 ಹರ್ಟ್ಸ್. ಗಂಡು ದನಿಯ ಮೈ ಇರೋದೇ ಆಸುಪಾಸಿನಲ್ಲಿ. ಆದಷ್ಟು ಗೋಡೆಗೆ ಹತ್ತಿರ ಒತ್ತಿ, ಆ ಗುಂಡಿ ಮೇಲಕ್ಕೆ ಸರಿಯತ್ತೆ. ಮೇಲಿನ ಸ್ವರಗಳನ್ನ ಸ್ಪೀಕರ್ ಹಿಂದಕ್ಕೆ ಅಷ್ಟಾಗಿ ಎಸೆಯಲ್ಲ, ಹಾಗಾಗಿ ಗುಂಡಿಯೂ ಆಳ ಇರಲ್ಲ. ಹಿಂದೆ ಗಾಳಿ ತೂತು ಇರೋ ಸ್ಪೀಕರ್ ಆದ್ರೆ ನಾಲ್ಕು ಬೆರಳು ಜಾಗ ಬಿಡಿ.

ಹೊಸಬ_42

ಮೇಡಂ, ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ರೆ ಗುಮ್ ಹೋಗಲ್ವಾ? ಎಲ್ಲಾ ಸ್ಟುಡಿಯೋ ಫೋಟೋದಲ್ಲಿ ಇರತ್ತಲ್ಲ.

ಅಳತೆಗೋಲು

48 ಹರ್ಟ್ಸ್ ಅಲೆಯ ಉದ್ದ 7 ಮೀಟರಿಗಿಂತ ಜಾಸ್ತಿ. ಅದರ ಮುಂದೆ ಮೊಟ್ಟೆ ಟ್ರೇ ಅಂದ್ರೆ ಆನೆಗೆ ಸೊಳ್ಳೆಪರದೆ. ಎರಡಿಂಚಿನ ಫೋಮ್ ಕೂಡ ಮೇಲಿನ ಸ್ವರ ಮಾತ್ರ ನುಂಗತ್ತೆ, ಗೋಡೆ ತುಂಬ ಅಂಟಿಸಿದ್ರೆ ಟ್ರೆಬಲ್ ಸತ್ತು ಗುಮ್ ಇನ್ನೂ ಎದ್ದು ಕಾಣತ್ತೆ. ಪಕ್ಕದ ಗೋಡೆಗೆ ಏನಾದ್ರೂ ಮಾಡಬೇಕು ಅಂದ್ರೆ ಒಬ್ಬರು ಗೋಡೆ ಮೇಲೆ ಕನ್ನಡಿ ಸರಿಸ್ತಾ ಹೋಗಲಿ, ನೀವು ಕುರ್ಚಿಯಲ್ಲಿ ಕೂತು ನೋಡಿ. ಕನ್ನಡಿಯಲ್ಲಿ ಟ್ವೀಟರ್ ಕಂಡ ಜಾಗದಲ್ಲಿ ತುಂಬಿದ ಪುಸ್ತಕದ ಕಪಾಟು ಅಥವಾ ದಪ್ಪ ಪರದೆ ಇಡಿ. ಸಾಕು.

ಮೂರು_ಗುಬ್ಬಿ

ನಡುವೆ ಬಾಯಿ ಹಾಕ್ತೀನಿ ಕ್ಷಮಿಸಿ. ನನ್ನದು ಬ್ಲೂಟೂತ್ ಹೆಡ್‌ಸೆಟ್. ಹಾಡು ಚೆನ್ನಾಗಿರತ್ತೆ, ಮೀಟಿಂಗ್ ಶುರುವಾದ ತಕ್ಷಣ ಎಲ್ಲಾ ಹಳೇ ಟೆಲಿಫೋನ್ ಥರ ಆಗತ್ತೆ. ಕೆಟ್ಟುಹೋಗಿದೆಯಾ?

ರಾತ್ರಿಪಾಳಿ

ಕೆಟ್ಟಿಲ್ಲ. ಮೈಕ್ ಬಳಸಿದ ಕೂಡಲೇ ಬ್ಲೂಟೂತ್ ಕರೆಯ ಪ್ರೊಫೈಲಿಗೆ ಹಾರತ್ತೆ, ಅದು ಮಾನೊ, ದನಿಗೆ ಸಾಕಾಗುವಷ್ಟೇ ಅಗಲ. ಮೀಟಿಂಗ್‌ಗೆ ಬೇರೆ ಮೈಕ್ ಆರಿಸಿ, ಹೆಡ್‌ಸೆಟ್ಟಿನಲ್ಲಿ ಬರೀ ಕೇಳಿ.

ಸುಮ್ನೆ_ಕೇಳುಗ

ಭಾನುವಾರ ಪೂರ್ತಿ ಇದೇ ಆಯ್ತು. ಮೇಜು ಸರಿಸಿದಾಗ ಹಿಂದೆ ಸಿಕ್ಕ ಧೂಳು ನೋಡಿ ತಂಗಿ ಒಂದು ಗಂಟೆ ಬೈದಳು, ಆಮೇಲೆ ಅವಳೇ ಕನ್ನಡಿ ಹಿಡಿದಳು. ಡ್ಯಾಕ್ ಕೂಡ ಬಂತು. ಆಪ್ಟಿಕಲ್ ಹಾಕಿದ ಮೇಲೆ ರಾತ್ರಿ ಎರಡಕ್ಕೂ ಗುಂಯ್ ಇಲ್ಲ. ತಾಮ್ರದ ತಂತಿ ಅಣ್ಣನಿಗೂ ಥ್ಯಾಂಕ್ಸ್, ಕೊನೆಗೆ ನಿಮ್ಮ ಮಾತೇ ನಡೀತು.

ತಾಮ್ರದ_ತಂತಿ

ನಡೆದಿದ್ದು ಬೇರೆ ಕಾರಣಕ್ಕೆ, ಇರಲಿ ಬಿಡು. ಕೇಬಲ್ಲೇ ತಾಮ್ರದ್ದಲ್ಲ ಅನ್ನೋದು ನನ್ನ ಹೆಸರಿಗೆ ಅವಮಾನ.

ಸುಮ್ನೆ_ಕೇಳುಗ

ಹ್ಹಹ್ಹ. ಆದ್ರೆ ಬೇಸ್ ಇನ್ನೂ ಇಲ್ಲ. ಮೊದಲಿನ ಗುಮ್ ಕಮ್ಮಿಯಾಗಿದೆ, ಅದರ ಜೊತೆ ಇದ್ದಬದ್ದ ಬೇಸೂ ಹೋಯ್ತು. ಹಾಡುಗಾರ್ತಿ ಇನ್ನೂ ನಡುವೆ ಬಂದಿಲ್ಲ. ಇನ್ನೂ ದೊಡ್ಡ ಆಂಪ್ ಬೇಕಾ?

ಹಳೆ_ವಾಲ್ವ್

ಬೇಡ. ಬುಕ್‌ಶೆಲ್ಫ್ ಸ್ಪೀಕರ್ ಸಾಮಾನ್ಯವಾಗಿ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್ ಆಸುಪಾಸು ಕೊಡತ್ತೆ, ನೀನು ಕೂರೋದೂ ಸುಮಾರು ಅಷ್ಟೇ ದೂರ. ಅದೇ ಜೋರು. ವ್ಯಾಟ್ ದುಪ್ಪಟ್ಟು ಮಾಡಿದ್ರೆ ಸಿಗೋದು ಬರೀ 3 ಡೆಸಿಬಲ್. ಬೇಸ್ ಎಲ್ಲೋ ಕಳವಾಗ್ತಿದೆ, ಕಳ್ಳನನ್ನ ಹುಡುಕು.

ಅಳತೆಗೋಲು

ಹುಡುಕೋಕೆ ಕಿವಿ ಸಾಲದು. ಅಳತೆಯ ಮೈಕ್ ಯಾರ ಹತ್ರ ಆದ್ರೂ ಒಂದು ದಿನಕ್ಕೆ ಸಿಗತ್ತಾ ನೋಡಿ. ಯುಮಿಕ್-1 ಥರದ್ದು, ಕ್ಯಾಲಿಬ್ರೇಶನ್ ಫೈಲ್ ಜೊತೆ. ರೂಮ್ ಇಕ್ಯೂ ವಿಝಾರ್ಡ್ ಅನ್ನೋ ತಂತ್ರಾಂಶ ಉಚಿತ. ಮೈಕನ್ನ ತಲೆ ಇರೋ ಜಾಗದಲ್ಲಿ ನಿಲ್ಲಿಸಿ ಮೂರು ಸಲ ಸ್ವೀಪ್ (ಕೆಳಗಿನ ಸ್ವರದಿಂದ ಮೇಲಿನದರ ತನಕ ಏರೋ ಸದ್ದು) ಮಾಡಿ: ಎಡ ಮಾತ್ರ, ಬಲ ಮಾತ್ರ, ಎರಡೂ ಒಟ್ಟಿಗೆ. ಮೂರನ್ನೂ ಒಂದರ ಮೇಲೊಂದು ಇಟ್ಟು ಚಿತ್ರ ಹಾಕಿ. ನನ್ನ ಗುಮಾನಿ ಸರಿಯಾಗಿದ್ರೆ ಅಲ್ಲೇ ಕಾಣತ್ತೆ.

ಸುಮ್ನೆ_ಕೇಳುಗ

ಸ್ನೇಹಿತನ ಹತ್ರ ಮೈಕ್ ಸಿಕ್ಕಿತು. ಚಿತ್ರ ಹಾಕೋಕೆ ಬರ್ತಿಲ್ಲ, ಮಾತಲ್ಲೇ ಹೇಳ್ತೀನಿ. ಎಡ ಒಂದೇ ನುಡಿಸಿದ್ರೆ 100 ಹರ್ಟ್ಸ್ ಹತ್ರ 74 ಡೆಸಿಬಲ್. ಬಲ ಒಂದೇ ನುಡಿಸಿದ್ರೆ 73. ಎರಡೂ ಒಟ್ಟಿಗೆ ನುಡಿಸಿದ್ರೆ 58! ಸುಮಾರು 200ರ ಕೆಳಗೆ ಎಲ್ಲಾ ಕಡೆ ಇದೇ ಕಥೆ. ಇಬ್ಬರು ಸೇರಿ ಎತ್ತಿದ್ರೆ ಹಗುರಾಗಬೇಕು, ಇಲ್ಲಿ ಇಬ್ಬರು ಸೇರಿದ್ರೆ ಸದ್ದೇ ಅಡಗತ್ತೆ. ಮೈಕ್ ಕೆಟ್ಟಿದೆಯಾ?

ಅಳತೆಗೋಲು

ಮೈಕ್ ಸರಿಯಾಗಿದೆ. ಎರಡೂ ಸೇರಿದಾಗ ಅಲ್ಲಿ ಸುಮಾರು 6 ಡೆಸಿಬಲ್ ಏರಬೇಕಿತ್ತು, 79, 80. ನಿಮ್ಮ ಒಂದು ಸ್ಪೀಕರ್ ಉಲ್ಟಾ ಇದೆ. ಒಂದರ ವೂಫರ್ ಮುಂದಕ್ಕೆ ಬಂದಾಗ ಇನ್ನೊಂದರದ್ದು ಹಿಂದಕ್ಕೆ ಹೋಗ್ತಿದೆ, ಒಬ್ಬ ತಳ್ಳಿದ ಗಾಳಿಯನ್ನ ಇನ್ನೊಬ್ಬ ಎಳ್ಕೊಳ್ತಿದಾನೆ. ಹಾಡುಗಾರ್ತಿ ನಡುವೆ ನಿಲ್ಲದೆ ಹರಡಿಹೋಗಿದ್ದೂ ಇದಕ್ಕೇ. ಮೊದಲ ದಿನ ‘ಬೇಸ್ ಇಲ್ಲ, ದನಿ ಎಲ್ಲಿದೆ ಗೊತ್ತಾಗಲ್ಲ’ ಅಂದಾಗಲೇ ಅನ್ನಿಸಿತ್ತು. ಹೇಳಿದ್ರೆ ನೀವು ಮೇಜು ಎತ್ತುತ್ತಿರಲಿಲ್ಲ.

ಆಂಪ್ ಹಿಂದೆ, ಸ್ಪೀಕರ್ ಹಿಂದೆ ಕೆಂಪು ಕಪ್ಪು ನೋಡಿ.

ಸುಮ್ನೆ_ಕೇಳುಗ

ಅಯ್ಯೋ.

ಟಾರ್ಚ್ ಹಿಡಿದು ಮೇಜಿನ ಕೆಳಗೆ ತೂರಿದೆ. ಸ್ಪೀಕರ್ ವೈರ್ ಎರಡೂ ಎಳೆ ಪಾರದರ್ಶಕ ಪ್ಲಾಸ್ಟಿಕ್ಕು, ಎರಡೂ ಒಂದೇ ಬಣ್ಣ. ಒಂದರ ಮೇಲೆ ಕೂದಲಿನಷ್ಟು ಸಣ್ಣ ಬಿಳಿ ಗೆರೆ ಇದೆಯಂತೆ, ಉಗುರಿನಿಂದ ಸವರಿದ್ರೆ ಸಣ್ಣ ಏಣು ಸಿಗತ್ತೆ, ಕಣ್ಣಿಗೆ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣತ್ತೆ. ಎಡ ಸ್ಪೀಕರ್‌ನಲ್ಲಿ ಗೆರೆ ಇರೋದು ಕೆಂಪಿಗೆ ಹೋಗಿದೆ, ಆಂಪ್ ಕಡೆ ಅದೇ ಗೆರೆ ಕಪ್ಪಿಗೆ. ಎರಡು ವರ್ಷದಿಂದ ಹೀಗೇ ಇದೆ. ಎರಡು ವರ್ಷ!

ಆಂಪ್ ಆಫ್ ಮಾಡಿ, ಆಂಪ್ ಕಡೆ ಮಾತ್ರ ಕ್ಲಿಪ್ ಒತ್ತಿ ಆ ಎರಡು ಎಳೆ ಅದಲುಬದಲು ಮಾಡಿದೆ. ಆನ್ ಮಾಡಿದ್ರೆ ಮೃದಂಗದ ಎಡ ಮೊದಲ ಸಲ ಹೊಟ್ಟೆಗೆ ತಟ್ಟಿತು. ಇಲ್ಲಿ ಬರೆಯೋಕೆ ನಾಚಿಕೆ, ಆದ್ರೂ ಬರೆದಿದೀನಿ.

ಹಳೆ_ವಾಲ್ವ್

ನಾಚಬೇಡ. ಒಬ್ಬರ ಮನೆಗೆ ಕರೆದಿದ್ರು, ನನಗಿಂತ ದೊಡ್ಡ ತಜ್ಞರು. ಕಿರುಬೆರಳಿನ ದಪ್ಪದ ಸ್ಪೀಕರ್ ಕೇಬಲ್, ತುದಿಗೆಲ್ಲ ಚಿನ್ನದ ಲೇಪ. ಒಂದು ಕಡೆ ಉಲ್ಟಾ. ಎರಡು ಗಂಟೆ ಕೇಳಿ ‘ಎಂಥ ವಿಶಾಲ ವೇದಿಕೆ’ ಅಂತ ಹೊಗಳ್ತಿದ್ರು.

ತಾಮ್ರದ_ತಂತಿ

ಈಗ ಎಲ್ಲಾ ಸರಿ ಅಂದ್ರೆ ನಂಗೂ ಸಂತೋಷ. ಆದ್ರೆ 192ರ ವಿಷಯದಲ್ಲಿ ನಾನು ಬಗ್ಗಲ್ಲ.

ಅಳತೆಗೋಲು

ಬಗ್ಗೋದು ಬೇಡ, ಪರೀಕ್ಷೆ ಮಾಡಿ. ನಿಮ್ಮದೇ ಒಂದು 192 ಫೈಲ್ ತಗೊಂಡು ಅದನ್ನೇ 44.1ಕ್ಕೆ ಇಳಿಸಿ. ಬೇರೆ ಬೇರೆ ಕಡೆಯಿಂದ ತಂದ ಎರಡು ಫೈಲ್ ಬೇಡ, ಅವುಗಳ ಮಾಸ್ಟರಿಂಗೇ (ಬಿಡುಗಡೆಗೆ ಮುಂಚೆ ಸದ್ದನ್ನ ಕೊನೆಯದಾಗಿ ಹದ ಮಾಡೋದು) ಬೇರೆ ಇರತ್ತೆ. ಫೂಬಾರ್2000 ಅನ್ನೋ ಪ್ಲೇಯರ್‌ಗೆ ಎಬಿಎಕ್ಸ್ ಅಂತ ಒಂದು ಕಾಂಪೊನೆಂಟ್ ಸಿಗತ್ತೆ, ಯಾವುದು ನುಡೀತಿದೆ ಅಂತ ಅದು ಹೇಳಲ್ಲ, ನೀವು ಗುರುತಿಸಬೇಕು. 16 ಸಲ. 12 ಸರಿ ಬಂದ್ರೆ ಕಣ್ಮುಚ್ಚಿ ಊಹಿಸಿ ಅಷ್ಟು ಗೆಲ್ಲೋ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಮ್ಮಿ, ಆಗ ನಾನೇ ತಪ್ಪೊಪ್ಕೊಳ್ತೀನಿ. ಸದ್ದಿನ ಮಟ್ಟ ಎರಡರಲ್ಲೂ ಒಂದೇ ಇರಲಿ. ಚೂರು ಜೋರಿದ್ರೂ ಕಿವಿಗೆ ಅದೇ ‘ಚೆನ್ನಾಗಿದೆ’ ಅನ್ನಿಸತ್ತೆ.

ಸುಮ್ನೆ_ಕೇಳುಗ

ನಂದು ಇನ್ನೂ ಮುಗಿದಿಲ್ಲ ಮೇಡಂ. ಉಲ್ಟಾ ಸರಿ ಮಾಡಿ ಮತ್ತೆ ಅಳೆದೆ. 57ರದ್ದು ಕಾಣೋದೇ ಇಲ್ಲ. ಆದ್ರೆ 48ರಲ್ಲಿ ಗುಡ್ಡ ಎದ್ದಿದೆ, ಸುತ್ತಮುತ್ತಲಿಗಿಂತ 8 ಡೆಸಿಬಲ್ ಎತ್ತರ. 130 ಹತ್ರ ಒಂದು ಕಿರಿದಾದ ಗುಂಡಿ.

ಅಳತೆಗೋಲು

57 ಅಗಲದ ದಿಕ್ಕಿನ ಅಲೆ. ಅದರ ಒತ್ತಡ ಎಡಗೋಡೆಯಲ್ಲಿ ಏರಿದಾಗ ಬಲಗೋಡೆಯಲ್ಲಿ ಇಳಿದಿರತ್ತೆ, ನಡುವೆ ಸೊನ್ನೆ. ಈಗ ನೀವು ನಡುವೆ ಕೂತಿದೀರಿ, ಎರಡು ಸ್ಪೀಕರ್ ಒಂದೇ ದಿಕ್ಕಿಗೆ ತಳ್ತಿವೆ, ಅದು ಎದ್ದೇಳಲ್ಲ. ಮೊದಲು ಉಲ್ಟಾ ಇದ್ದಿದ್ರಿಂದ ಅದಕ್ಕೇ ಗಾಳಿ ಹಾಕ್ತಿದ್ರಿ, ಬೇರೆ ಬೇಸ್ ಇಲ್ಲದೆ ಆ ಒಂದು ಸ್ವರ ಮಾತ್ರ ಗುಮ್ಮೆಂದಿದ್ದು ಅದಕ್ಕೆ.

48ಕ್ಕೆ ಈಗ ಈಕ್ವಲೈಸರ್. ವಿಂಡೋಸ್‌ಗೆ ಈಕ್ವಲೈಸರ್ ಎಪಿಒ ಅನ್ನೋ ಉಚಿತ ತಂತ್ರಾಂಶ ಇದೆ. ಒಂದೇ ಒಂದು ಪೀಕಿಂಗ್ ಫಿಲ್ಟರ್ (ಒಂದು ಸ್ವರದ ಸುತ್ತ ಮಾತ್ರ ಏರಿಸೋದು ಇಳಿಸೋದು): 48 ಹರ್ಟ್ಸ್, ಮೈನಸ್ 7 ಡೆಸಿಬಲ್, ಕ್ಯೂ (ಫಿಲ್ಟರ್ ಎಷ್ಟು ಕಿರಿದು ಅನ್ನೋ ಅಳತೆ) 5ರಿಂದ ಶುರು ಮಾಡಿ ಅಳೆದು ತಿದ್ದಿ. 130ರ ಗುಂಡಿ ಮುಟ್ಟಬೇಡಿ. ಅಲ್ಲಿ ಅಲೆಗಳು ಒಂದನ್ನೊಂದು ಅಳಿಸ್ತಿವೆ, ನೀವು ಎಷ್ಟು ಸುರಿದ್ರೂ ಅಷ್ಟೇ ಜೋರಾಗಿ ಅಳಿಸತ್ತೆ, ತೂತು ಕೊಡದಲ್ಲಿ ನೀರು ತುಂಬಿದ ಹಾಗೆ. ಆಂಪ್ ಮತ್ತು ವೂಫರ್ ಸುಸ್ತಾಗೋದಷ್ಟೇ ಲಾಭ. ಗುಡ್ಡ ಕಡಿಯಿರಿ, ಗುಂಡಿ ಬಿಡಿ.

ಸುಮ್ನೆ_ಕೇಳುಗ

ಫಿಲ್ಟರ್ ಹಾಕಿದೆ. ಅಳತೆಯಲ್ಲಿ ಗುಡ್ಡ ನೆಲಸಮ. ಖುಷಿಯಾಗಿ ಹಾಡು ಹಾಕಿದ್ರೆ ಏನೂ ಬದಲಾಗಿಲ್ಲ, ಅದೇ ಗುಮ್! ಫಿಲ್ಟರ್ ಮೈನಸ್ 20 ಮಾಡಿದ್ರೂ ಹಾಡಿನಲ್ಲಿ ವ್ಯತ್ಯಾಸ ಇಲ್ಲ. ನಂಗೆ ಹುಚ್ಚು ಹಿಡೀತಿದೆ.

ರಾತ್ರಿಪಾಳಿ

ಪ್ಲೇಯರ್‌ನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಹಾಕಿದೀರಾ?

ಸುಮ್ನೆ_ಕೇಳುಗ

ಹೂಂ, ತಾಮ್ರದ ತಂತಿ ಅಣ್ಣ ಮೊದಲ ದಿನ ಹೇಳಿದ್ರಲ್ಲ.

ರಾತ್ರಿಪಾಳಿ

ಅದೇ. ಎಕ್ಸ್‌ಕ್ಲೂಸಿವ್ ಅಂದ್ರೆ ವಿಂಡೋಸ್‌ನ ಸೌಂಡ್ ಎಂಜಿನ್ ಪಕ್ಕಕ್ಕೆ ತಳ್ಳಿ ನೇರ ಡ್ಯಾಕ್‌ಗೆ ಹೋಗೋದು. ಈಕ್ವಲೈಸರ್ ಎಪಿಒ ಕೂತಿರೋದು ಆ ಎಂಜಿನ್ ಒಳಗೇ. ಅಳತೆ ತಂತ್ರಾಂಶ ಸಾದಾ ದಾರಿಯಲ್ಲಿ ಹೋಯ್ತು, ಫಿಲ್ಟರ್ ಸಿಕ್ಕಿತು. ಹಾಡು ಬೈಪಾಸ್ ರಸ್ತೆಯಲ್ಲಿ ಹೋಯ್ತು. ಪ್ಲೇಯರ್ ಔಟ್‌ಪುಟ್ಟನ್ನ ಸಾದಾ ಶೇರ್ಡ್‌ಗೆ ಬದಲಾಯಿಸಿ.

ತಾಮ್ರದ_ತಂತಿ

ಸರಿ, ಇದು ನನ್ನ ತಲೆ ಮೇಲೆ ಬರಲಿ.

ಎಬಿಎಕ್ಸ್ ಕೂಡ ಮಾಡಿದೆ. ರಾತ್ರಿ, ಫ್ಯಾನ್ ಆಫ್ ಮಾಡಿ, ಹೆಡ್‌ಫೋನಿನಲ್ಲಿ. ಮೊದಲ ನಾಲ್ಕು ಸಲ ನಂಗೆ ಪಕ್ಕಾ ಇತ್ತು, ನಾಲ್ಕೂ ಸರಿ ಅಂತ ಬೆಟ್ ಕಟ್ಟುತ್ತಿದ್ದೆ. ಕೊನೆಗೆ ನೋಡಿದ್ರೆ 16ಕ್ಕೆ 9. ನಾಣ್ಯ ಚಿಮ್ಮಿದ್ರೂ ಹೆಚ್ಚುಕಮ್ಮಿ ಅಷ್ಟು ಬರ್ತಿತ್ತು. ಆ ಪಕ್ಕಾ ಅನ್ನಿಸಿದ ನಾಲ್ಕರಲ್ಲಿ ಎರಡು ತಪ್ಪು. ಕೇಬಲ್ ಮಾತ್ರ ಮಾರಲ್ಲ, ನೋಡೋಕೆ ಚೆಂದ ಇದೆ.

ಹಳೆ_ವಾಲ್ವ್

ಇಷ್ಟು ನೇರವಾಗಿ ಸಂಖ್ಯೆ ಹಾಕಿದವರು ಕಮ್ಮಿ ಕಣಯ್ಯ. ನಂದು ಕೇಳಿದ್ರೆ, ವಾಲ್ವ್ ಆಂಪಿನ ಮೋಹ ಪರೀಕ್ಷೆ ಆದ ಮೇಲೂ ಹೋಗಿಲ್ಲ.

ಮೂರು_ಗುಬ್ಬಿ

ಸಬ್‌ವೂಫರ್ ಸೇರಿಸಿದ್ರೆ ಎಲ್ಲಿಡಬೇಕು? ಮೂಲೆಯಲ್ಲಿ?

ಅಳತೆಗೋಲು

ಸಬ್ಬನ್ನ ನೀವು ಕೂರೋ ಕುರ್ಚಿ ಮೇಲೆ ಇಟ್ಟು ಬೇಸ್ ಇರೋ ಹಾಡು ಹಾಕಿ, ಮಂಡಿಯೂರಿ ಕೋಣೆ ಅಂಚಿನ ಸುತ್ತ ಹರಿದಾಡಿ. ಎಲ್ಲಿ ಬೇಸ್ ಸಮವಾಗಿ ಕೇಳಿಸತ್ತೋ ಅಲ್ಲಿ ಸಬ್ ಇಡಿ. ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗೆ ಸಬ್ ನುಡಿಸಬೇಕು ಅನ್ನೋ ಗಡಿ) 80 ಹರ್ಟ್ಸ್‌ನಿಂದ ಶುರು ಮಾಡಿ. ಮನೆಯವರು ನಗ್ತಾರೆ, ನಗಲಿ.

ಸುಮ್ನೆ_ಕೇಳುಗ

ಕೊನೇ ವರದಿ. ಶೇರ್ಡ್‌ಗೆ ಬದಲಾಯಿಸಿದೆ, ಫಿಲ್ಟರ್ ಹಾಡಿಗೂ ಸಿಕ್ಕಿತು. 48 ಈಗ ಸುತ್ತಲಿನ ಸ್ವರಗಳ ಜೊತೆ ಸಾಲಾಗಿ ನಿಂತಿದೆ. ತಂಗಿ ಬಂದು ಕುರ್ಚಿಯಲ್ಲಿ ಕೂತಳು, ನಾನೇನೂ ಹೇಳಲಿಲ್ಲ. ಹಾಡು ಶುರುವಾದ ಹತ್ತು ಸೆಕೆಂಡಿಗೆ ಎದ್ದು ಮಾನಿಟರ್ ಹಿಂದೆ ಬಗ್ಗಿ ನೋಡಿದಳು, ಅಲ್ಲಿ ಮೂರನೇ ಸ್ಪೀಕರ್ ಇದೆ ಅಂದ್ಕೊಂಡು.

ಗುಂಯ್ ಹೋದ ಮೇಲೆ ಈಗ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಸದ್ದು ಕೇಳಿಸೋಕೆ ಶುರುವಾಗಿದೆ. ಅದಕ್ಕೆ ಬೇರೆ ಚರ್ಚೆ ತೆಗೀತೀನಿ.

ಹಳೆ_ವಾಲ್ವ್

ಆ ವೈರಿಗೆ ಗುರುತು ಹಾಕಿದೀಯೋ ಇಲ್ವೋ? ಮುಂದಿನ ಸಲ ಮೇಜು ಸರಿಸಿದಾಗ ಮತ್ತೆ ಉಲ್ಟಾ ಹಾಕ್ತೀಯ.

ಸುಮ್ನೆ_ಕೇಳುಗ

ಹಾಕಿದೀನಿ ಸರ್. ನಾಲ್ಕೂ ತುದಿಗೆ ತಂಗಿಯ ಕೆಂಪು ಉಗುರುಬಣ್ಣ.